‘ಭಾಳ ಚೊಲೋ ಆಗ್ಯಾದ’ ಎನ್ನುತ್ತಿದ್ದ ಮಾವನವರು

ನನಗೆ ಸಿಟ್ಟು ಬರುವುದು ಹೊಸ ಸಂಗತಿಯೇನಲ್ಲ. ಜೇವರ್ಗಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದಾಗ ಅದು ನನ್ನ ಕಸುಬಿನ ಒಂದು ಅಂಗವೇ ಆಗಿತ್ತು. ನೌಕರಿ ಬಿಡುವ ದಿನ ಹಾಜರಿ ಪುಸ್ತಕ, ಬೀರುವಿನ ಕೀಲಿ, ಉಳಿದ ಸೀಮೆಸುಣ್ಣದ ಡಬ್ಬಿ, ಇವೆಲ್ಲವನ್ನೂ ಶಾಲೆಗೆ ಒಪ್ಪಿಸಿ ಬಂದೆ. ಸಿಟ್ಟನ್ನು ಒಪ್ಪಿಸಬೇಕೆಂದು ಯಾರೂ ಕೇಳದ ಕಾರಣ ಅದು ನನ್ನೊಡನೆಯೇ ಮನೆಗೆ ಬಂತು. ಈಗ ಮುದ್ರಣಾಲಯವೊಂದಕ್ಕೆ ಕರಡು ತಿದ್ದಿಕೊಡುತ್ತಾ, ಮದುವೆಯ ಆಮಂತ್ರಣ ಪತ್ರಿಕೆಗಳ ಮೇಲೆ, ಬಸ್ಸು ಬರುವ ಹೊತ್ತಿನ ಮೇಲೆ, ಚಹಾದ ಬಣ್ಣದ ಮೇಲೆ, ನೆರೆಮನೆಯವರು ಗೇಟು ಎಳೆಯುವ ಸದ್ದಿನ ಮೇಲೆ ಕ್ರಮವಾಗಿ ಸಿಟ್ಟಾಗುತ್ತಾ ಕಾಲ ಕಳೆಯುತ್ತಿದ್ದೇನೆ. ಇವೆಲ್ಲ ಬದುಕಿರುವವರ ಮೇಲಿನ ಸಿಟ್ಟು. ಅದರಲ್ಲೊಂದು ನೆಮ್ಮದಿಯಿದೆ. ನಾವು ಬೈಯುತ್ತೇವೆ, ಅವರು ತಿರುಗಿ ಬೈಯುತ್ತಾರೆ, ಸಂಜೆಯ ಹೊತ್ತಿಗೆ ಎರಡೂ ಕಡೆಯ ಬಾಕಿ ತೀರಿರುತ್ತದೆ. ಆದರೆ ತೀರಿಕೊಂಡವರ ಮೇಲೆ ಬರುವ ಸಿಟ್ಟು ಹಾಗಲ್ಲ. ಅವರನ್ನು ಬೆಂಚಿನ ಮೇಲೆ ನಿಲ್ಲಿಸಲಾಗುವುದಿಲ್ಲ, ಉತ್ತರ ಹೇಳೆಂದು ಕಿವಿ ಹಿಡಿಯಲಾಗುವುದಿಲ್ಲ. ಅದರಲ್ಲಿಯೂ ಆ ತೀರಿಕೊಂಡವರು ಊರಿಗೆಲ್ಲ ದೇವರಂಥ ಮನುಷ್ಯರಾಗಿ, ನಮಗೆ ಹೆಣ್ಣು ಕೊಟ್ಟ ಮಾವನವರೂ ಆಗಿದ್ದರೆ ಸಿಟ್ಟನ್ನು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ಮಾವನವರು ಆಳಂದದಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಪ್ರಾಧ್ಯಾಪಕರು. ಊರಿಗೆ ಪ್ರೊಫೆಸರ್ ಸಾಬ್, ಇಬ್ಬರು ಹೆಣ್ಣುಮಕ್ಕಳಿಗೆ ಅಬ್ಬಾ, ನನಗೆ ಮಾಮು. ಹುಟ್ಟಿದ್ದು ನಿಂಬರ್ಗಾದಲ್ಲಿ, ಬೇರೆಯವರ ತೊಗರಿ ಹೊಲದಲ್ಲಿ ಕೂಲಿ ಮಾಡುತ್ತಿದ್ದವರ ಮನೆಯಲ್ಲಿ. ಪ್ರಯೋಗಾಲಯದಲ್ಲಿ ಅವರು ಹುಲಿಯಂತಿದ್ದರೆಂದು ಅವರ ಶಿಷ್ಯರು ಇಂದಿಗೂ ಹೇಳುತ್ತಾರೆ. ಕೈಗೆ ಒಂದು ಲವಣ ಕೊಟ್ಟು ಇದು ಯಾವುದು ಹೇಳೆಂದಾಗ ವಿದ್ಯಾರ್ಥಿಯು ‘ಬಹುಶಃ’ ಎಂದು ಬಾಯಿ ತೆರೆದರೆ ಸಾಕು, ಪ್ರನಾಳವನ್ನು ಕಸಿದುಕೊಂಡು ಹೊರಗೆ ಕಳಿಸುತ್ತಿದ್ದರಂತೆ. ಈ ಮಾತು ಕೇಳಿದಾಗಲೆಲ್ಲ ನನಗೆ ಅವರ ಮೇಲೆ ಅಪಾರ ಗೌರವ ಹುಟ್ಟುತ್ತಿತ್ತು; ಊಟಕ್ಕೆ ಕುಳಿತಾಗಲೆಲ್ಲ ಆ ಗೌರವ ಕುಸಿಯುತ್ತಿತ್ತು. ಮದುವೆಯಾದ ಹೊಸದರಲ್ಲಿ ಒಂದು ದಿನ ಅವರ ಮನೆಯ ಸಾರಿನಲ್ಲಿ ಉಪ್ಪೇ ಇರಲಿಲ್ಲ. ಹೊಸ ಅಳಿಯನಾದ ನಾನು ಅತ್ತಿತ್ತ ನೋಡಿದೆ. ಬಿಳಿಯ ಪುಡಿಯನ್ನು ಬೆಳಕಿಗೆ ಹಿಡಿದೇ ಅದರ ಕುಲಗೋತ್ರ ಹೇಳುತ್ತಿದ್ದ ಮಹಾನುಭಾವರು ಆ ಸಾರನ್ನು ಸುರಿದುಕೊಂಡು, ಇನ್ನೊಂದು ಸೌಟು ಕೇಳಿ, “ಭಾಳ ಚೊಲೋ ಆಗ್ಯಾದ” ಎಂದರು. ನನ್ನ ನಾಲಿಗೆಯೇ ಕೆಟ್ಟಿದೆಯೆಂದು ನಾನು ಆ ವಾರ ವೈದ್ಯರ ಬಳಿ ಹೋಗಿ ಬಂದೆ.

ನಿವೃತ್ತಿಯ ನಂತರ ಅವರಿಗೆ ಸಂಸಾರವೇ ಪ್ರಯೋಗಾಲಯವಾಯಿತು. ನಾದಿನಿ ರಜಿಯಾಳನ್ನು ಕೊಟ್ಟಿರುವುದು ಅಫಜಲಪುರಕ್ಕೆ. ಅವಳ ಗಂಡನಿಗೆ ಸೊನ್ನದ ಬ್ಯಾರೇಜಿನ ಕಡೆ ಗುತ್ತಿಗೆಯ ಕೆಲಸ. ನನ್ನ ಹೆಂಡತಿ ಶಾಹೀನಳಿಗೆ ಜೇವರ್ಗಿಯಲ್ಲಿ ಬ್ಯಾಂಕಿನ ನೌಕರಿ. ಮಾವನವರು ಮಂಗಳವಾರ ಅಫಜಲಪುರಕ್ಕೆ, ಗುರುವಾರ ಜೇವರ್ಗಿಗೆ ಕೈಯಲ್ಲೊಂದು ವೈರಿನ ಚೀಲ ಹಿಡಿದು ಬರುವರು. ಚೀಲದಲ್ಲಿ ಒಬ್ಬ ಮಗಳಿಂದ ಇನ್ನೊಬ್ಬ ಮಗಳಿಗೆ ಸಾಗಿಸುವ ಸಾಮಾನು, ಕುಕ್ಕರಿನ ರಬ್ಬರು, ಅತ್ತೆಯವರು ಕೊಟ್ಟ ಉಪ್ಪಿನಕಾಯಿ, ಇವುಗಳ ಜೊತೆಗೆ ಸಾಬೂನು ನೀರಿನ ಒಂದು ಸಣ್ಣ ಶೀಸೆ. ಮನೆಯೊಳಗೆ ಬಂದವರೇ ಕುಶಲ ವಿಚಾರಿಸುವ ಮೊದಲು ಅಡುಗೆಮನೆಗೆ ಹೋಗಿ ಗ್ಯಾಸಿನ ಪೈಪಿಗೆ ಆ ನೀರು ಹಚ್ಚುವರು. ಗುಳ್ಳೆ ಏಳದಿದ್ದರೆ ಮಗಳ ತಲೆಯ ಮೇಲೆ ಕೈಯಿಟ್ಟು, ಆಮೇಲೆ ನನ್ನ ಕಡೆ ತಿರುಗಿ, “ಹ್ಯಾಂಗಿದ್ದೀರಿ ಮಾಸ್ತರ್” ಎನ್ನುವರು. ಅವರ ಪ್ರೀತಿಯಲ್ಲಿ ಗ್ಯಾಸಿನ ಪೈಪಿನ ನಂತರದ ಸ್ಥಾನ ನನ್ನದಾಗಿತ್ತು. ಅದಕ್ಕೂ ನನಗೆ ಸಿಟ್ಟಿತ್ತು, ಆದರೆ ಅದು ಸಣ್ಣದು.

ಗುರುವಾರ ಮಧ್ಯಾಹ್ನ ಶಾಹೀನ್ ಬ್ಯಾಂಕಿನಲ್ಲಿರುವುದರಿಂದ ಅವರಿಗೆ ಫಳಾರ ಮಾಡಿಕೊಡುವವನು ನಾನೇ. ನನಗೆ ಬರುವುದು ಸುಸಲಾ ಒಂದೇ. ಚುರುಮುರಿಯನ್ನು ನೀರಿಗೆ ಹಾಕಿ, ಹಿಂಡಿ, ಪುಠಾಣಿ ಹಿಟ್ಟು ಬೆರೆಸಿ, ಒಗ್ಗರಣೆ ಕೊಡುವುದು. ಎಷ್ಟು ಹೊತ್ತು ನೆನೆಯಬೇಕು, ಎಷ್ಟು ಹಿಂಡಬೇಕು ಎಂಬುದಕ್ಕೆಲ್ಲ ನನ್ನದೊಂದು ಖಚಿತ ಕ್ರಮವಿದೆ. ಮಾವನವರು ತಿಂದು ಅದೇ ಮಾತು ಹೇಳುತ್ತಿದ್ದರು: “ಭಾಳ ಚೊಲೋ ಆಗ್ಯಾದ ಮಾಸ್ತರ್.” ಹೆಂಡತಿ ಮಕ್ಕಳ ಮುಂದೆ ಅವರು ಈ ಮಾತನ್ನು ದಾಕ್ಷಿಣ್ಯಕ್ಕೆ ಹೇಳುತ್ತಿದ್ದರು, ಸರಿ. ಆದರೆ ನನ್ನೊಡನೆ ದಾಕ್ಷಿಣ್ಯವೇಕೆ? ನಾವಿಬ್ಬರೂ ಪಾಠ ಹೇಳಿ ಬಂದವರು. ಆದ್ದರಿಂದ ಸುಸಲಾದ ವಿಷಯದಲ್ಲಿ ಆ ಮಾತು ಅಕ್ಷರಶಃ ನಿಜವೆಂದೇ ನಾನು ನಂಬಿದ್ದೆ.

ಒಂದು ಸಂಗತಿಯಲ್ಲಿ ಮಾತ್ರ ಅವರು ಹಟಮಾರಿಗಳು. ಸಂಜೆಯಾದರೆ ನಿಲ್ಲುತ್ತಿರಲಿಲ್ಲ. ಶಾಹೀನ್ ಬ್ಯಾಂಕಿನಿಂದ ಬಂದು ಬುರ್ಖಾ ತೆಗೆಯುವ ಮೊದಲೇ ಬೇಡಿಕೊಳ್ಳಲು ಆರಂಭಿಸುತ್ತಿದ್ದಳು: ಅಬ್ಬಾ, ಉಂಡು ಹೋಗ್ರಿ, ಮಲಗಿ ಮುಂಜಾನೆ ಹೋಗ್ರಿ. ನಾನೂ ಬೇಡಿಕೊಳ್ಳುತ್ತಿದ್ದೆ. ಅವರು, ನಿಮ್ಮ ಅಮ್ಮಾ ಒಬ್ಬಾಕೇ ಇರ್ತಾಳ ಎನ್ನುತ್ತಾ ಚೀಲ ಹಿಡಿದು ಹೊರಟೇಬಿಡುವರು. ಕಲಬುರಗಿಯಲ್ಲಿ ಬಸ್ಸು ಬದಲಿಸಿ ಆಳಂದ ಮುಟ್ಟಬೇಕು. ಬಿಸಿಲು, ಧೂಳು, ವಯಸ್ಸು, ಯಾವುದರ ಪರಿವೆಯೂ ಇಲ್ಲ. ಅಫಜಲಪುರದಲ್ಲಿಯೂ ಇದೇ ಕಥೆ. ಬಸ್ ನಿಲ್ದಾಣದವರೆಗೆ ಅವರ ಹಿಂದೆ ನಡೆಯುತ್ತಾ ನಾನು ಉದ್ದಕ್ಕೂ ಸಿಟ್ಟಾಗುತ್ತಿದ್ದೆ. ಅವರೋ ಕಿಟಕಿಯಿಂದ ಕೈಬೀಸುತ್ತಾ ನಗುತ್ತಿದ್ದರು.

ಇದರ ಜೊತೆಗೆ ನನಗೆ ಅರ್ಥವಾಗದ ಇನ್ನೊಂದು ವಿಷಯವಿತ್ತು. ಆಳಂದಕ್ಕೆ ಹೋದರೆ ಅತ್ತೆಯವರು, ಅಂದರೆ ಅಮ್ಮಾ, ನನ್ನೊಡನೆ ಮುಖ ಕೊಟ್ಟು ಮಾತನಾಡುತ್ತಿರಲಿಲ್ಲ. ಬಡಿಸುತ್ತಿದ್ದರು, ಆದರೆ ಎರಡನೆಯ ಸಲ ಬೇಕೇ ಎಂದು ಕೇಳುತ್ತಿರಲಿಲ್ಲ. ಮೊದಮೊದಲು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದವರು, ಮಾವನವರ ಗುರುವಾರದ ತಿರುಗಾಟ ಶುರುವಾದ ಮೇಲೆ ಕುಳಿತಲ್ಲಿಂದಲೇ “ಬರ್ರಿ” ಎನ್ನತೊಡಗಿದರು. ನನ್ನ ಶಿಸ್ತು ಅವರಿಗೆ ಹಿಡಿಸುವುದಿಲ್ಲವೆಂದು ನಾನು ತೀರ್ಮಾನಿಸಿದ್ದೆ. ಶಿಸ್ತಿನವರನ್ನು ಯಾರೂ ಮೆಚ್ಚುವುದಿಲ್ಲ. ಶಾಲೆಯಲ್ಲಿ ಕಲಿತ ಪಾಠವದು.

ಮಾವನವರು ಬೇಸಿಗೆಯಲ್ಲಿ, ಮಧ್ಯಾಹ್ನದ ನಮಾಜು ಮುಗಿಸಿ ಕುರ್ಚಿಯಲ್ಲಿ ಕುಳಿತವರು ಹಾಗೆಯೇ ಹೋದರು. ಹೋಗುವಾಗಲೂ ಯಾರಿಗೂ ತೊಂದರೆ ಕೊಡಲಿಲ್ಲವೆಂದು ಬಂದವರೆಲ್ಲ ಕಣ್ಣೊರೆಸಿಕೊಂಡರು. ಎಲ್ಲರ ಬಾಯಲ್ಲೂ ಒಂದೇ ಹೊಗಳಿಕೆ: ಯಾವುದಕ್ಕೂ ಹೆಸರಿಟ್ಟವರಲ್ಲ. ಹೆಸರಿಡುವುದೆಂದರೆ ನಮ್ಮ ಕಡೆ ಕೊಂಕು ತೆಗೆಯುವುದು, ಕುಂದು ಹೇಳುವುದು. ಈ ಮಾತನ್ನು ಕೇಳಿ ಕೇಳಿ ನನ್ನ ತಲೆ ಬಿಸಿಯಾಯಿತು. ಇದು ಹೊಗಳಿಕೆಯೇ? ಎಲ್ಲ ಉತ್ತರ ಪತ್ರಿಕೆಗಳಿಗೂ ಪೂರ್ಣ ಅಂಕ ಕೊಡುವ ಮೇಷ್ಟರನ್ನು ನಾವು ಒಳ್ಳೆಯ ಮೇಷ್ಟರೆಂದು ಕರೆಯುತ್ತೇವೆಯೇ? ಪತ್ರಿಕೆಯನ್ನೇ ಓದಿಲ್ಲ ಎನ್ನುತ್ತೇವೆ. ಆದರೆ ಮೃತರ ಮನೆಯ ಪಡಸಾಲೆಯಲ್ಲಿ ಈ ವಾದ ಹೂಡುವಂತಿರಲಿಲ್ಲ. ನುಂಗಿಕೊಂಡೆ.

ನುಂಗಿದ್ದು ನಲವತ್ತನೆಯ ದಿನ ಹತ್ತಿರ ಬಂದಂತೆ ಮೇಲಕ್ಕೆ ಬಂತು. ಅದಕ್ಕೆ ನಮ್ಮಲ್ಲಿ ಚಾಲೀಸವಾಂ ಎನ್ನುತ್ತಾರೆ. ಬಂದವರಿಗೆ ಬಿರಿಯಾನಿ ಮಾಡಲು ಅಡುಗೆಯವರಿರುತ್ತಾರೆ, ಅದು ಬೇರೆ. ಫಾತೆಹಾ ಪ್ರಾರ್ಥನೆ ಓದುವಾಗ, ಹೋದವರು ಇಷ್ಟಪಡುತ್ತಿದ್ದ ತಿನಿಸನ್ನು ಮನೆಯವರೇ ತಮ್ಮ ಕೈಯಿಂದ ಮಾಡಿ ಇಡುವುದು ನಮ್ಮ ಮನೆಗಳ ವಾಡಿಕೆ. ಅದರ ಸಲುವಾಗಿ ಒಂದು ಶುಕ್ರವಾರ ಮಧ್ಯಾಹ್ನ ಆಳಂದದ ಮನೆಯಲ್ಲಿ ನಾವೆಲ್ಲ ಸೇರಿದೆವು: ಅಮ್ಮಾ, ಶಾಹೀನ್, ರಜಿಯಾ, ನಾನು, ಮತ್ತು ಮಾವನವರ ಬಾಲ್ಯದ ಗೆಳೆಯ, ಈಗ ದಾಲ್ ಮಿಲ್ ನಡೆಸುವ ಶರಣಪ್ಪನವರು. ಈ ಮನೆಯಲ್ಲಿ ಮುದ್ದು ಮಾಡುವುದು, ಹರಸುವುದು, ಅಳುವುದು ದಖನಿ ಉರ್ದುವಿನಲ್ಲಿ ನಡೆಯುತ್ತದೆ. ಜಗಳಕ್ಕೆ ಮಾತ್ರ ಕನ್ನಡ. ಕನ್ನಡ ಮೇಷ್ಟರಾಗಿ ಇದನ್ನು ನಾನು ಭಾಷೆಗೆ ಸಂದ ಗೌರವವೆಂದೇ ಭಾವಿಸಿದ್ದೇನೆ. ಅಂದು ದಖನಿಯಲ್ಲಿ ಆರಂಭವಾದ ಮಾತು ಚಹಾ ಮುಗಿಯುವುದರೊಳಗೆ ಕನ್ನಡಕ್ಕೆ ಬಂತು.

“ಅಬ್ಬಾಗ ಮೀನ ಅಂದ್ರ ಜೀವ” ಎಂದಳು ರಜಿಯಾ. “ಭೀಮಾ ನದಿ ಮೀನ, ನನ್ನ ಕೈದು. ಇಂಥಾದ್ದು ಎಲ್ಲೂ ತಿಂದಿಲ್ಲ ಬೇಟಾ ಅಂತ ನನಗೇ ಹೇಳ್ಯಾರ.”

“ನನ್ನ ಪುಂಡಿಪಲ್ಯಾ ತಿಂದು ನನಗೂ ಅದೇ ಹೇಳ್ಯಾರ” ಎಂದಳು ಶಾಹೀನ್. “ನಿನ್ನ ಮೀನಿನ ಮುಳ್ಳ ತಕ್ಕೋತ ಕೂಡೋದ್ರಾಗೇ ಅವರ ಹೊತ್ತು ಹೋಗ್ತಿತ್ತು. ನೀ ಮಾರಿ ಸಣ್ಣದ ಮಾಡ್ತಿ ಅಂತ ನುಂಗತಿದ್ರು, ಪಾಪ.”

“ಪುಂಡಿಪಲ್ಯಾ ತಿಂದು ಹೊಟ್ಟಿ ಹಿಡ್ಕೊಂಡು ಕೂಡತಿದ್ರಲ್ಲ, ಅದನ್ಯಾಕ ಹೇಳಲ್ಲ?”

ಶರಣಪ್ಪನವರು ಗಂಟಲು ಸರಿಮಾಡಿಕೊಂಡರು. ಎಳ್ಳಮಾವಾಸ್ಯೆಗೆ ಪ್ರೊಫೆಸರರು ತಪ್ಪದೇ ತಮ್ಮ ಹೊಲಕ್ಕೆ ಬರುತ್ತಿದ್ದರೆಂದೂ, ತಮ್ಮ ಮನೆಯ ಕಾಳು ಸೊಪ್ಪು ಬೇಯಿಸಿದ ಭಜ್ಜಿ ತಿಂದು ಇಂಥದ್ದು ಎಲ್ಲೂ ತಿಂದಿಲ್ಲವೆಂದು ತೊಗರಿ ಗಿಡಗಳ ಸಾಕ್ಷಿಯಾಗಿ ಹೇಳಿದ್ದಾರೆಂದೂ, ಆದ್ದರಿಂದ ನಲವತ್ತನೆಯ ದಿನ ಒಂದು ಪಾತ್ರೆ ಭಜ್ಜಿ ತಮ್ಮ ಮನೆಯಿಂದಲೇ ಬರತಕ್ಕದ್ದೆಂದೂ ತಿಳಿಸಿದರು. ಸುಸಲಾದ ಹೆಸರನ್ನು ನಾನಾಗಿ ಎತ್ತುವುದು ಸಭ್ಯತೆಯಲ್ಲ. ಯಾರಾದರೂ ಎತ್ತುತ್ತಾರೆಂದು ಕಾಯುತ್ತಿದ್ದೆ. ಯಾರೂ ಎತ್ತಲಿಲ್ಲ.

ಜಗಳ ಭೀಮಾ ನದಿಯ ಒಂದು ದಡದಿಂದ ಇನ್ನೊಂದು ದಡಕ್ಕೆ ಹರಿಯುತ್ತಿರುವಾಗ ಅಮ್ಮಾ ಬಾಯಿ ತೆರೆದರು. ಅವರ ದನಿ ಏರಿರಲಿಲ್ಲ.

“ನಾ ದಿನಾ ಖಟ್ಟಿ ದಾಲ್ ಮಾಡೇನಿ” ಎಂದರು. “ದಿನಾ ಚೊಲೋ ಆಗ್ಯಾದ ಅಂದಾರ. ನಿಮಗೆಲ್ಲಾರಿಗೂ ಅದೇ ಮಾತ ಅಂದಾರಂದ್ರ ನನಗ ಅಂದದ್ದಕ್ಕ ಏನು ಅರ್ಥ? ಬ್ಯಾಡಾದ್ದು ತಿನ್ನಿಸ್ಕೋತ ಬಂದೆನೇನೋ ನಾನು, ಇಷ್ಟು ವರ್ಷ.”

ಖಟ್ಟಿ ದಾಲ್ ಎಂದರೆ ಹುಣಸೆಹುಳಿ ಹಿಂಡಿದ ತೊಗರಿಬೇಳೆಯ ಸಾರು. ತೊಗರಿಯ ನಾಡಿನಲ್ಲಿ ಅದನ್ನು ಯಾರೂ ವಿಶೇಷ ಅಡುಗೆಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾವೂ ಹಿಡಿದಿರಲಿಲ್ಲ. ಅಮ್ಮಾ ಮುಂದುವರಿಸಿ, ಅವರು ಮನಸ್ಸಿನಿಂದ ಇಷ್ಟಪಟ್ಟದ್ದು ಯಾವುದೋ ಅದೊಂದನ್ನೇ ಇಡಬೇಕು, ಗೊತ್ತಾಗದಿದ್ದರೆ ಏನೂ ಇಡುವುದು ಬೇಡ, ದಾಕ್ಷಿಣ್ಯದ ಮಾತಿನ ಮೇಲೆ ಫಾತೆಹಾ ಓದಿಸಲು ತಮಗೆ ಮನಸ್ಸಿಲ್ಲ ಎಂದರು. ಹೆಣ್ಣುಮಕ್ಕಳಿಬ್ಬರೂ ತಲೆ ತಗ್ಗಿಸಿದರು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಯಾರ ಮೇಲೆಂದು ಕೇಳುವ ಅಗತ್ಯವಿಲ್ಲ. ಬದುಕಿನುದ್ದಕ್ಕೂ ಜೊತೆಗಿದ್ದ ಹೆಂಗಸನ್ನು ಇಂಥ ಸಂದೇಹದಲ್ಲಿ ಕೂರಿಸಿ ಹೋಗಲು ಆ ಮನುಷ್ಯನಿಗೆ ಯಾವ ಹಕ್ಕಿತ್ತು? ಒಂದು ದಿನ, ಒಂದೇ ಒಂದು ದಿನ, ಇದರಲ್ಲಿ ಹುಳಿ ಕಡಿಮೆಯಾಗಿದೆ ಎಂದಿದ್ದರೆ ಅವರ ಗಂಟು ಏನು ಹೋಗುತ್ತಿತ್ತು?

ಈ ಸಿಟ್ಟಿನಲ್ಲಿಯೇ ನನಗೊಂದು ಉಪಾಯ ಹೊಳೆಯಿತು. ನಾನು ಎದ್ದು ನಿಂತೆ. ಕುಳಿತು ವಿವರಿಸುವ ಅಭ್ಯಾಸ ನನಗಿಲ್ಲ. ಹೊಗಳಿಕೆಯನ್ನು ಸಾಕ್ಷಿಯೆಂದು ಸ್ವೀಕರಿಸಲಾಗದು, ಏಕೆಂದರೆ ಅದನ್ನು ಅವರು ಎಲ್ಲರಿಗೂ ಸಮನಾಗಿ ಹಂಚಿದ್ದಾರೆ. ಮನುಷ್ಯ ತನಗೆ ಬೇಕಾದುದಕ್ಕೆ ಮಾತ್ರ ಹೆಸರಿಡುತ್ತಾನೆ. ಬೇಡವಾದುದು ಹೇಗಿದ್ದರೂ ಅವನಿಗೆ ಅಷ್ಟೇ. ಆದ್ದರಿಂದ ನಾವು ಹುಡುಕಬೇಕಾದುದು ಮೆಚ್ಚುಗೆಯನ್ನಲ್ಲ, ದೂರನ್ನು. ಅವರು ಎಂದಾದರೂ, ಯಾವುದಕ್ಕಾದರೂ ಹೆಸರಿಟ್ಟದ್ದನ್ನು ನೆನಪಿಸಿಕೊಳ್ಳಿರಿ, ಅಲ್ಲಿ ಉತ್ತರವಿದೆ. ಇಷ್ಟನ್ನು ಹೇಳಿ ತರಗತಿಯನ್ನು ನೋಡುವಂತೆ ಎಲ್ಲರನ್ನೂ ನೋಡಿದೆ.

ಎಲ್ಲರೂ ಯೋಚಿಸಿದರು. ರಜಿಯಾ ಬೆರಳು ಮಡಿಚಿ ಬಿಚ್ಚಿದಳು. ಹೊಲದಲ್ಲಿ ಭಜ್ಜಿಗೆ ಬಿದ್ದ ಕಡ್ಡಿಯನ್ನೂ ಬಾಯಿಯಿಂದ ತೆಗೆದು ಜೇಬಿಗೆ ಹಾಕಿಕೊಂಡರೇ ಹೊರತು ಪ್ರೊಫೆಸರರು ತುಟಿ ಬಿಚ್ಚಲಿಲ್ಲವೆಂದು ಶರಣಪ್ಪನವರು ನೆನೆದರು. ಇಂಥ ಕಠಿಣ ಮನುಷ್ಯನನ್ನು ನಾನು ಜೀವಮಾನದಲ್ಲಿ ಕಂಡಿಲ್ಲ.

“ಹೆಸರಿಟ್ಟಾರ” ಎಂದರು ಅಮ್ಮಾ. “ಒಂದಕ್ಕ ಇಟ್ಟಾರ.”

ಎಲ್ಲರೂ ಅವರ ಕಡೆ ತಿರುಗಿದೆವು. ಅವರು ನನ್ನ ಕಡೆ ನೋಡುತ್ತಿದ್ದರು. ಎಷ್ಟೋ ವರ್ಷಗಳ ನಂತರ ಮುಖ ಕೊಟ್ಟು ನೋಡುತ್ತಿದ್ದರು.

“ನಿಮಗ, ಮಾಸ್ತರ್. ಗುರುವಾರ ನಿಮ್ಮ ಮನಿಯಿಂದ ಬಂದು ಚಪ್ಪಲಿ ಬಿಡೋದ್ರಾಗೇ ಹೇಳೋರು, ಮಾಸ್ತರ್ ಊಟಕ್ಕ ನಿಲ್ರಿ ಅನ್ನಲಿಲ್ಲ, ಹೊಟ್ಟಿ ಹಸ್ದದ, ದಾಲ್ ಅದ ಏನು ಅಂತ. ನಾ ತಾಟು ಇಡ್ತಿದ್ದೆ. ನಿಮಗ ಬೈಕೋತನೇ ಇಡ್ತಿದ್ದೆ.”

ಆ ಕ್ಷಣದ ನನ್ನ ಮನಸ್ಥಿತಿಯನ್ನು ವರ್ಣಿಸಲು ನಾನು ಕಲಿಸಿದ ಯಾವ ಪದವೂ ಸಾಲದು. ಗುರುವಾರ ಗುರುವಾರ ಬಾಗಿಲಿಗೆ ಅಡ್ಡ ನಿಂತು ಬೇಡಿಕೊಂಡವನು ನಾನು. ಬಸ್ ನಿಲ್ದಾಣದವರೆಗೂ ಬೇಡಿಕೊಂಡವನು ನಾನು. ಇನ್ನು ಶಾಹೀನಳ ಮುಖ ಕೆಂಪಾಗಿತ್ತು. ರಜಿಯಾ ಮೆಲ್ಲಗೆ, ಅಫಜಲಪುರದಿಂದ ಬಂದಾಗ ಏನು ಹೇಳುತ್ತಿದ್ದರೆಂದು ಕೇಳಿದಳು. ರಜಿಯಾ ಟಿವಿ ನೋಡಿಕೋತ ಕುಂತಿದ್ದಳು, ಉಣ್ಣು ಅನ್ನಲಿಲ್ಲ ಎನ್ನುತ್ತಿದ್ದರಂತೆ.

“ಅಮ್ಮಾ, ಚಪ್ಪಲಿ ಮುಚ್ಚಿಟ್ಟೇನಿ ನಾನು” ಎಂದಳು ರಜಿಯಾ. “ನಿಲ್ಲಲಿ ಅಂತ ಅಬ್ಬಾನ ಚಪ್ಪಲಿ ಅಕ್ಕಿ ಡಬ್ಬಿ ಹಿಂದ ಮುಚ್ಚಿಟ್ಟೇನಿ. ನಮ್ಮವರ ಚಪ್ಪಲಿ ಹಾಕ್ಕೊಂಡು ಹೋಗ್ಯಾರ.”

ಅದು ನಿಜವೆಂದು ಅಮ್ಮಾಗೆ ಕೂಡಲೇ ಗೊತ್ತಾಯಿತು. ಅಳತೆಗಿಂತ ದೊಡ್ಡದಾದ ಒಂದು ಜೊತೆ ಚಪ್ಪಲಿ ಇಂದಿಗೂ ಮನೆಯ ಮೂಲೆಯಲ್ಲಿ ಬಿದ್ದಿದೆ. ಬಸ್ಸಿನಲ್ಲಿ ಅದಲುಬದಲಾಯಿತೆಂದು ಮಾವನವರು ಹೇಳಿದ್ದರಂತೆ.

ನನ್ನ ಸಿಟ್ಟು ಈಗ ಕಟ್ಟೆಯೊಡೆಯಿತು. ಪರಲೋಕದಲ್ಲಿರುವವರ ಬಗ್ಗೆ ಆಡಬಾರದ ಮಾತುಗಳನ್ನು ನಾನು ಶುದ್ಧ ಕನ್ನಡದಲ್ಲಿ ಆಡಿದೆ. ಸುಳ್ಳುಗಾರರು ಎಂದೆ. ಚಾಡಿಕೋರರು ಎಂದೆ. ಒಬ್ಬ ನಿರಪರಾಧಿ ಅಳಿಯನ ಮರ್ಯಾದೆಯನ್ನು ವಾರವಾರವೂ ಕಳೆದರು ಎಂದೆ. ಎರಡನೆಯ ಸೌಟು ಸಿಗದ ನನ್ನ ಊಟಗಳಿಗೆಲ್ಲ ಈಗ ಯಾರು ಹೊಣೆ ಎಂದೆ. ಶರಣಪ್ಪನವರು ತಲೆ ಅಲ್ಲಾಡಿಸುತ್ತಾ ಕೇಳುತ್ತಿದ್ದರು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಅಮ್ಮಾ ನನ್ನ ಮಾತನ್ನು ಕೇಳುತ್ತಲೇ ಇರಲಿಲ್ಲವೆಂಬುದು ತಿಳಿಯಿತು. ಅವರು ಗೋಡೆಗೆ ಒರಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದರು. ಅಳುತ್ತಿದ್ದಾರೆಂದುಕೊಂಡೆ. ಸೆರಗು ತೆಗೆದಾಗ ನಗುತ್ತಿದ್ದರು. ಕಣ್ಣಿನಲ್ಲಿ ನೀರೂ ಇತ್ತು.

“ಮೀನ ಬಿಟ್ಟು ಬರ್ತಿದ್ರು” ಎಂದರು, ಯಾರಿಗೋ ಅಲ್ಲ, ತಮಗೇ. “ಬಸ್ಸಿನ್ಯಾಗ ಹಸ್ಕೊಂಡು ಬರ್ತಿದ್ರು. ದಾಲಿಗೆ.”

ಆಮೇಲೆ ಎದ್ದು ಅಡುಗೆಮನೆಗೆ ಹೋದರು. ಹುಣಸೆಹಣ್ಣಿನ ಡಬ್ಬಿ ತೆಗೆಯುವ ಸದ್ದು ಕೇಳಿಸಿತು. ಜಗಳ ಮುಗಿದಿತ್ತು. ಯಾವ ದೂರನ್ನು ಹುಡುಕಿರೆಂದು ನಾನು ಹೇಳಿದ್ದೆನೋ ಅದು ಸಿಕ್ಕಿತ್ತು. ನನ್ನ ಉಪಾಯ ಸಂಪೂರ್ಣವಾಗಿ ಫಲಿಸಿತ್ತು. ಅದಕ್ಕಾಗಿ ನನ್ನನ್ನು ಯಾರೂ ಅಭಿನಂದಿಸಲಿಲ್ಲ. ನನ್ನ ಮೇಲಿನ ಸುಳ್ಳು ಆರೋಪಕ್ಕೆ ಯಾರೂ ಕ್ಷಮೆಯನ್ನೂ ಕೇಳಲಿಲ್ಲ. ಆ ರಾತ್ರಿಯ ಊಟದಲ್ಲಿ ಅಮ್ಮಾ ಕೇಳದೆಯೇ ನನ್ನ ತಾಟಿಗೆ ಎರಡನೆಯ ಸೌಟು ದಾಲ್ ಹಾಕಿದರೆಂಬುದನ್ನು ಮಾತ್ರ ಇಲ್ಲಿ ದಾಖಲಿಸುತ್ತೇನೆ. ಉಪ್ಪು ಸ್ವಲ್ಪ ಕಡಿಮೆಯಿತ್ತು. ಹೇಳಿದೆ.

ಚಾಲೀಸವಾಂ ದಿನ ಬಿಳಿ ಬಟ್ಟೆಯ ಮೇಲೆ ಖಟ್ಟಿ ದಾಲಿನ ಪಾತ್ರೆಯೊಂದೇ ಇತ್ತು. ಅಮ್ಮಾ ಅದನ್ನು ತಾವೇ ಹೊತ್ತು ತಂದು ಇಟ್ಟರು, ಯಾರ ಕೈಗೂ ಕೊಡಲಿಲ್ಲ. ಮೀನು, ಪುಂಡಿಪಲ್ಯ, ಭಜ್ಜಿ ಇವೆಲ್ಲ ಆಮೇಲೆ ಊಟದ ಪಂಕ್ತಿಯಲ್ಲಿ ಬಂದವು. ನಾನೂ ಜೇವರ್ಗಿಯಿಂದ ಒಂದು ಡಬ್ಬಿ ಸುಸಲಾ ಮಾಡಿಕೊಂಡು ಹೋಗಿದ್ದೆ. ಅದನ್ನು ಶರಣಪ್ಪನವರ ಮುಂದೆ ಸರಿಸಿದೆ. ಅವರು ಒಂದು ತುತ್ತು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, ಲೋಟದ ನೀರನ್ನೆಲ್ಲ ಕುಡಿದು, ನನ್ನನ್ನು ಪ್ರೀತಿಯಿಂದ ನೋಡಿ, “ಭಾಳ ಚೊಲೋ ಆಗ್ಯಾದ ಮಾಸ್ತರ್” ಎಂದರು. ಆ ದನಿಯನ್ನು ನಾನು ಎಲ್ಲಿ ಕೇಳಿದ್ದೇನೆಂಬುದು ನೆನಪಾಗಲು ತಡವಾಗಲಿಲ್ಲ. ಗೋಡೆಯ ಮೇಲಿನ ಭಾವಚಿತ್ರದ ಕಡೆ ನೋಡಿದೆ. ಬಸ್ಸಿನ ಕಿಟಕಿಯಲ್ಲಿ ಕುಳಿತವರಂತೆ ನಗುತ್ತಿದ್ದರು.

ಜೇವರ್ಗಿಗೆ ಮರಳಿದ ಮರುದಿನ ಸಂಜೆ ಶಾಹೀನ್ ಚಹಾ ತಂದು ಕೊಟ್ಟಾಗ, ನನ್ನ ಸರದಿ ಬಂದರೆ ನಿಮಗೆ ಇಂಥ ಯಾವ ಕಷ್ಟವೂ ಆಗದೆಂದು ಅವಳಿಗೆ ಹೆಮ್ಮೆಯಿಂದ ಹೇಳಿದೆ. ನಾನು ಯಾವುದನ್ನೂ ಮುಚ್ಚಿಟ್ಟವನಲ್ಲ, ಆಯಾ ತಪ್ಪನ್ನು ಆಯಾ ದಿನವೇ ಸ್ಪಷ್ಟವಾಗಿ ತಿಳಿಸಿದ್ದೇನೆ.

“ಅದೇ ತ್ರಾಸ ನೋಡ್ರಿ” ಎಂದಳು ಅವಳು. “ಹೆಸರಿಟ್ಟದ್ದೆಲ್ಲಾ ಪಸಂದ್ ಅಂತ ನೀವೇ ಹೇಳೀರಿ. ನೀವು ಹೆಸರಿಡದೇ ಇದ್ದದ್ದು ಯಾವದದ? ನಿಮ್ಮ ಚಾಲೀಸವಾಂಗೆ ಜೇವರ್ಗಿ ಬಜಾರ ಪೂರಾ ತಂದು ಇಡಬೇಕಾಗ್ತದ.”

ನಾನು ಲೋಟವನ್ನೆತ್ತಿ ಚಹಾ ಕುಡಿದೆ. ಎಂದಿನ ಹಾಗೆ ಅದಕ್ಕೊಂದು ಹೆಸರಿಡಲು ನಾಲಿಗೆಯ ತುದಿಗೆ ಮಾತು ಬಂದಿತ್ತು. ಹಟಕ್ಕೆ ಬಿದ್ದು ಅದನ್ನು ನುಂಗಿ, ಲೋಟವನ್ನು ಕೆಳಗಿಟ್ಟು, ಗಂಭೀರವಾಗಿ ಹೇಳಿದೆ:

“ಭಾಳ ಚೊಲೋ ಆಗ್ಯಾದ.”

ಶಾಹೀನ್ ನನ್ನನ್ನು ದಿಟ್ಟಿಸಿದಳು. ಲೋಟವನ್ನೆತ್ತಿ ತಾನೊಂದು ಗುಟುಕು ಕುಡಿದಳು. ಮುಖ ಕಿವುಚಿದಳು.

“ಸಕ್ಕರೀನೇ ಹಾಕಿಲ್ಲ ನಾ” ಎಂದಳು. “ಯಾವಾಗ ಕಲತ್ರಿ ನೀವು, ಅಬ್ಬಾನಂಗ ಸುಳ್ಳು ಹೇಳಾಕ?”

ಸಕ್ಕರೆ ತರಲು ಅವಳು ಒಳಗೆ ಹೋದಳು. ಗ್ಯಾಸಿನ ಪೈಪನ್ನು ಒಮ್ಮೆ ನೋಡು ಎಂದು ನಾನು ಇಲ್ಲಿಂದಲೇ ಸಿಟ್ಟಿನಿಂದ ಕೂಗಿದೆ.